ನಂದು ಒಂದೇ ವೋಟು

ಡಿಸೆಂಬರ್ ಬಂತು ಅಂದ್ರೆ ನಮ್ಮ ಐದು ಜನಕ್ಕೆ ಒಂದು ಚಟ. ಆ ವರ್ಷದ ಬೆಸ್ಟ್ ರೇಸಿಂಗ್ ಸಿಮ್ಯುಲೇಶನ್ ಡೆವಲಪರ್ ಯಾರು ಅಂತ ವೋಟ್ ಹಾಕೋದು. ಟ್ರೋಫಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಗೆದ್ದ ಕಂಪನಿಯವರಿಗೆ ತಾವು ಗೆದ್ದಿದ್ದೇ ಗೊತ್ತಾಗಲ್ಲ. ಸೋತ ಕಡೆ ವೋಟ್ ಹಾಕಿದವರು ಗೆದ್ದವರಿಗೆ ಬಿರಿಯಾನಿ ಕೊಡಿಸಬೇಕು, ಅಷ್ಟೆ. ಒಂದು ಕಾಲದಲ್ಲಿ ಒಂದೇ ಆಫೀಸಿನ ಒಂದೇ ಸಾಲಿನಲ್ಲಿ ಕೂತಿದ್ದವರು ನಾವು. ಈಗ ಐದು ಜನ, ಐದು ಕಂಪನಿ. ಮಂಡ್ಯದವನೊಬ್ಬ, ಧಾರವಾಡದವನೊಬ್ಬ, ನಮ್ಮೆಲ್ಲರಿಗಿಂತ ಫಾಸ್ಟಾಗಿ ಓಡಿಸುವ ಮಂಗಳೂರಿನವಳೊಬ್ಬಳು, ಬೆಂಗಳೂರಲ್ಲೇ ಹುಟ್ಟಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಅರ್ಧ ಆಯಸ್ಸು ಕಳೆದವನೊಬ್ಬ, ಮತ್ತೆ ಸಕಲೇಶಪುರದ ಹತ್ತಿರದ ಹಳ್ಳಿಯ ನಾನು.

ನಿಯಮ ಒಂದೇ. ಸುಮ್ನೆ ಹೆಸರು ಹೇಳಂಗಿಲ್ಲ, ಯಾಕೆ ಅಂತ ಒಂದು ಪ್ಯಾರಾ ಬರೆದು ಎಲ್ಲರೆದುರು ಓದಬೇಕು. "ಗ್ರಾಫಿಕ್ಸ್ ಸೂಪರ್" ಅಂದವರ ವೋಟು ಅಲ್ಲೇ ರದ್ದು.

ಇದು 2020ರ ವೋಟಿನ ಕಥೆ. ಆ ವರ್ಷ ಆಯ್ಕೆ ಸುಲಭ ಇರಲಿಲ್ಲ. ಮಾರ್ಚಿನಲ್ಲಿ ಜಗತ್ತಿನ ರೇಸ್ ಟ್ರ್ಯಾಕುಗಳೆಲ್ಲ ಬೀಗ ಹಾಕಿಕೊಂಡಾಗ ನಿಜವಾದ ಡ್ರೈವರುಗಳೇ ಮನೇಲಿ ಕೂತು ನಮ್ಮ ಥರ ಪ್ಲಾಸ್ಟಿಕ್ ಸ್ಟೀರಿಂಗ್ ತಿರುಗಿಸೋಕೆ ಶುರು ಮಾಡಿದ್ರು. ಅಮೆರಿಕದ ನ್ಯಾಸ್ಕಾರ್ ತನ್ನ ಡ್ರೈವರುಗಳನ್ನ ಐರೇಸಿಂಗ್‌ನಲ್ಲಿ ಓಡಿಸಿ ಟೀವಿಯಲ್ಲೇ ಲೈವ್ ತೋರಿಸ್ತು. ಜೂನ್‌ನಲ್ಲಿ ಲೆ ಮಾನ್ 24 ಗಂಟೆ ರೇಸೂ ಕಂಪ್ಯೂಟರಿನೊಳಗೇ ನಡೀತು, ಆರ್‌ಫ್ಯಾಕ್ಟರ್ 2ರಲ್ಲಿ. 50 ಕಾರು, 200 ಡ್ರೈವರು. ಸರ್ವರ್ ತೊಂದರೆಯಿಂದ ಎರಡು ಸಲ ರೆಡ್ ಫ್ಲ್ಯಾಗ್ ಹಾಕಿ ರೇಸ್ ನಿಲ್ಲಿಸಬೇಕಾಯ್ತು. ನೋಡೋರು ಬೈಕೊಂಡ್ರು. ನನಗೆ ಮಾತ್ರ ಆ ಹೊತ್ತಿನಲ್ಲಿ ಲಾಗ್ ಫೈಲ್ ತೆರೆದು ಕೂತಿರಬಹುದಾದ ಯಾರೋ ಇಬ್ಬರು ಎಂಜಿನಿಯರುಗಳ ಮುಖವೇ ಕಣ್ಣಿಗೆ ಬರ್ತಿತ್ತು. ಪ್ರೊಡಕ್ಷನ್ ಸರ್ವರ್ ಬಿದ್ದಾಗ ರಾತ್ರಿ ಮೂರಕ್ಕೆ ಫೋನ್ ಎತ್ತಿದವರಿಗೆ ಈ ಸಂಕಟ ಗೊತ್ತು.

ಡೆವಲಪರ್‌ಗಳ ವಿಷಯದಲ್ಲಿ ನಮ್ಮ ಐವರಿಗೂ ಒಂದೊಂದು ಮನೆದೇವರಿದೆ. ಧಾರವಾಡದವನು ಡೇವ್ ಕೇಮರ್ ಭಕ್ತ. ಈ ಮನುಷ್ಯ 1989ರಲ್ಲೇ, ಪಪೈರಸ್ ಅನ್ನೋ ತನ್ನ ಕಂಪನಿಯಿಂದ, ಇಂಡಿಯಾನಾಪೊಲಿಸ್ 500 ಸಿಮ್ಯುಲೇಶನ್ ಹೊರತಂದವನು. 1998ರಲ್ಲಿ ಗ್ರ್ಯಾಂಪ್ರಿ ಲೆಜೆಂಡ್ಸ್ ಮಾಡಿದ. 1967ರ ಫಾರ್ಮುಲಾ ಒನ್ ಕಾರುಗಳು ಹೇಗೆ ಜಾರುತ್ತಿದ್ದವೋ ಹಾಗೇ ಜಾರೋ ಆಟ. ಎಷ್ಟು ನಿಜವಾಗಿತ್ತು ಅಂದ್ರೆ ಜನಕ್ಕೆ ಓಡಿಸೋಕೇ ಬರಲಿಲ್ಲ, ಮಾರಾಟ ನೆಲಕಚ್ಚಿತು. ಆಮೇಲೆ ಐರೇಸಿಂಗ್ ಕಟ್ಟಿದ. 2008ರಲ್ಲಿ ಅದು ಶುರುವಾದಾಗಿನಿಂದ ಆ ಆಸಾಮಿ ಟೈರಿನ ಲೆಕ್ಕವನ್ನ ಮತ್ತೆ ಮತ್ತೆ ಅಳಿಸಿ ಬರೀತಾನೇ ಇದಾನೆ. ಟೈರ್ ಅನ್ನೋದು ಅಷ್ಟು ಕಷ್ಟದ ವಸ್ತು. ಡಚ್ ಪ್ರೊಫೆಸರ್ ಒಬ್ಬರು ಕೊಟ್ಟ ಟೈರಿನ ಸೂತ್ರಕ್ಕೆ 'ಮ್ಯಾಜಿಕ್ ಫಾರ್ಮುಲಾ' ಅಂತಲೇ ಹೆಸರು. ಅಳತೆಗೆ ಚೆನ್ನಾಗಿ ಹೊಂದುತ್ತೆ, ಯಾಕೆ ಹೊಂದುತ್ತೆ ಅಂತ ಕೇಳಬೇಡಿ ಅನ್ನೋ ಅರ್ಥದಲ್ಲಿ.

ಮಂಗಳೂರಿನವಳದು ಇಟಲಿಯ ಕೂನೋಸ್. ಅವರ ಆಫೀಸೇ ರೋಮ್ ಹತ್ತಿರದ ವಲ್ಲೆಲುಂಗಾ ರೇಸ್ ಟ್ರ್ಯಾಕಿನಲ್ಲಿತ್ತು. ಕಿಟಕಿಯಾಚೆ ನಿಜವಾದ ಎಂಜಿನ್ ಸದ್ದು ಕೇಳ್ತಾ ಕೋಡ್ ಬರೆಯೋ ಪುಣ್ಯವಂತರು. 2014ರಲ್ಲಿ ಅಸೆಟ್ಟೊ ಕೋರ್ಸಾ, 2019ರಲ್ಲಿ ಅದರ ತಮ್ಮ ಕಾಂಪೆಟಿಟ್ಸಿಯೋನೆ. ಮಂಡ್ಯದವನಿಗೆ ಲೈವ್ ಫಾರ್ ಸ್ಪೀಡ್ ಮೇಲೆ ಪ್ರೀತಿ. ಬರೀ ಮೂರು ಜನ ಸೇರಿ ಕಟ್ಟಿದ ಆಟ ಅದು. ಹೊಸ ಟೈರ್ ಫಿಸಿಕ್ಸ್ ಬರುತ್ತೆ ಬರುತ್ತೆ ಅಂತ ವರ್ಷಗಟ್ಟಲೆ ಕಾಯಿಸಿದ್ರೂ ಇವನು ಪ್ರತಿ ಡಿಸೆಂಬರ್ ಅವರಿಗೇ ವೋಟ್ ಹಾಕಿ ಪ್ರತಿ ಡಿಸೆಂಬರ್ ಬಿರಿಯಾನಿ ಕೊಡಿಸ್ತಾನೆ. ಬೆಂಗಳೂರಿನವನಿಗೆ ಆಯಾ ವರ್ಷ ಯಾರ ಹೆಸರು ಜಾಸ್ತಿ ಓಡ್ತಿದೆಯೋ ಅವರೇ ದೇವರು.

ನನಗೆ ಅಂಥ ಮನೆದೇವರು ಇರಲಿಲ್ಲ.

ಮೇ ತಿಂಗಳಲ್ಲಿ ಪಾಸ್ ಸಿಕ್ಕಿದ ಕೂಡಲೇ ಬೆಂಗಳೂರಿನ ಮನೆ ಖಾಲಿ ಮಾಡಿ ಊರಿಗೆ ಬಂದೆ. ಕಾರಿನ ಹಿಂದಿನ ಸೀಟಿನಲ್ಲಿ ಕಂಪ್ಯೂಟರು, ಮಾನಿಟರು, ಅದರ ಮೇಲೆ ಬೆಡ್‌ಶೀಟ್ ಸುತ್ತಿದ ಲಾಜಿಟೆಕ್ ಸ್ಟೀರಿಂಗ್ ಮತ್ತು ಪೆಡಲ್. ಅವ್ವ ನೋಡಿ, "ಇದೇನೋ, ಕಾರೊಳಗೆ ಇನ್ನೊಂದು ಕಾರು ತಂದಿದೀಯ" ಅಂದಳು. ಅಡಿಕೆ ಮೂಟೆ ಇಡೋ ಕೋಣೆಯಲ್ಲಿ ತಾತನ ಕಾಲದ ಹಲಸಿನ ಮರದ ಮೇಜಿತ್ತು. ಅದಕ್ಕೇ ಸ್ಟೀರಿಂಗನ್ನ ಕಚ್ಚಿಸಿದೆ. ಪೆಡಲ್ ಹಿಂದಕ್ಕೆ ಜರುಗದ ಹಾಗೆ ಗೋಡೆಗೆ ಒಂದು ಒನಕೆ ಅಡ್ಡ ಇಟ್ಟೆ. ನಮ್ಮೂರಲ್ಲಿ ಫೋನಿನ ಸಿಗ್ನಲ್ ಸಿಗೋದು ಹೆಂಚಿನ ಮೇಲೆ ಮಾತ್ರ. ಮಹಡಿ ಕಿಟಕಿಗೆ ಫೋನ್ ಕಟ್ಟಿ ಹಾಟ್‌ಸ್ಪಾಟ್ ಮಾಡಿ ಒಂದು ಗೇಮ್ ಡೌನ್‌ಲೋಡ್ ಮಾಡೋಕೆ ನಾಲ್ಕು ರಾತ್ರಿ ಬೇಕಾಗ್ತಿತ್ತು. ಮಳೆ ಶುರುವಾದ ಮೇಲೆ ಕರೆಂಟಿನ ಕಥೆ ಹೇಳೋದೇ ಬೇಡ.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲ ನೋಡಿದ. ಕೇಳಿದ್ದು ಒಂದೇ ಮಾತು: "ಎಷ್ಟು ಕೊಟ್ಟೆ ಇದಕ್ಕೆ?"

"ಇಪ್ಪತ್ತೆಂಟು ಸಾವಿರ."

"ನನ್ ಲಾರಿಗೆ ಎಫ್‌ಸಿ ಮಾಡ್ಸಕ್ಕೆ ದುಡ್ಡಿಲ್ಲ ಅಂದೆ."

ಇಲ್ಲಿ ಲಾರಿ ವಿಷಯ ಹೇಳಲೇಬೇಕು. ಅಪ್ಪ 26 ವರ್ಷ ಲಾರಿ ಓಡಿಸಿದವನು. ಕೊನೆಯ ಹನ್ನೊಂದು ವರ್ಷ ಸ್ವಂತದ್ದು, ಟಾಟಾ 1613. ಹಾಸನದಿಂದ ಶಿರಾಡಿ ಘಾಟ್ ಇಳಿದು ಮಂಗಳೂರು, ವಾಪಸ್. ಆಲೂಗಡ್ಡೆ, ಶುಂಠಿ, ಹೆಂಚು, ಸಿಮೆಂಟು, ಸಿಕ್ಕಿದ್ದು. ನನ್ನ ಬಿಇ ಫೀಸು ಕಟ್ಟಿದ್ದು ಆ ಲಾರಿ. ನನಗೆ ಗೇರು ಅಂದ್ರೇನು ಅಂತ ಗೊತ್ತಾಗಿದ್ದೂ ಅದರಲ್ಲೇ. ಘಾಟ್ ಇಳಿಯುವಾಗ ಸುಟ್ಟ ಬ್ರೇಕಿನ ವಾಸನೆ ಬಂದ್ರೆ ಈಗಲೂ ನನಗೆ ಅಪ್ಪ ನೆನಪಾಗ್ತಾನೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಗಿತ್ತು. 2018ರ ಚಳಿಗಾಲದಲ್ಲಿ ಒಲೆ ಮುಂದೆ ಕೂತಿದ್ದಾಗ ಕೆಂಡ ಸಿಡಿದು ಬಲಗಾಲಿನ ಮೇಲೆ ಬಿತ್ತು. ಅಪ್ಪನಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದು ಅವ್ವ ಕಿರುಚಿಕೊಂಡ ಮೇಲೆ ಕೆಳಗೆ ನೋಡಿದ್ದು. ಹಾಸನದ ಡಾಕ್ಟರು ನರ ಸತ್ತಿವೆ, ಇನ್ನು ಗಾಡಿ ಮುಟ್ಟಬೇಡಿ ಅಂದ್ರು. ಅಪ್ಪನ ಪ್ರಕಾರ ಆ ಡಾಕ್ಟರ್ ಇನ್ನೂ ಹುಡುಗ, ಅವನಿಗೇನು ಗೊತ್ತು. ನಾನು ಒಂದು ಭಾನುವಾರ ಬಂದು ಲಾರಿ ಕೀ ಎತ್ತಿಕೊಂಡು ಬೆಂಗಳೂರಿಗೆ ಹೋದೆ. ಹೇಳದೇ ಕೇಳದೇ.

ಅದು ಸರಿಯಾದ ಕೆಲಸ, ಮಾಡಿದ ರೀತಿ ಸರಿಯಿಲ್ಲ. ನನಗೂ ಗೊತ್ತು. ಅದಾದ ಮೇಲೆ ಎರಡು ವರ್ಷ ನಾನೂ ಅಪ್ಪನೂ ಮಳೆ, ಮಾತ್ರೆ, ಅಡಿಕೆ ರೇಟು ಬಿಟ್ಟು ಬೇರೇನೂ ಮಾತಾಡಿಲ್ಲ. ಅವನ ಹತ್ರ ಇನ್ನೊಂದು ಕೀ ಇತ್ತು. ಹಲಸಿನ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತ ಲಾರಿಯನ್ನ ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಎಂಜಿನ್ ಸದ್ದು ಕೇಳಿ ಆಫ್ ಮಾಡ್ತಿದ್ದ. ಮಾರೋಣ ಅಂದ್ರೆ ಎದ್ದು ಹೋಗ್ತಿದ್ದ. ಆ ವರ್ಷ ದಸರಾ ಕಳೆದ ಮೇಲೆ ಹೊಸ ರಾಗ ಶುರುವಾಯ್ತು. ಶುಂಠಿ ಕೀಳೋ ಕಾಲ ಬಂತು, ಡ್ರೈವರುಗಳು ಸಿಗ್ತಿಲ್ಲ, ಎಫ್‌ಸಿ ಮಾಡಿಸಿ ನಾನೇ ನಾಲ್ಕು ಟ್ರಿಪ್ ಹೊಡೀತೀನಿ. ಹಾಸನಕ್ಕೆ ಹೋಗಿ ಏಜೆಂಟನ್ನೂ ಮಾತಾಡಿಸಿ ಬಂದಿದ್ದ. ಅವ್ವ ರಾತ್ರಿ ನನ್ನ ಹತ್ರ ಬಂದು, "ನೀನಾದ್ರೂ ಹೇಳೋ" ಅಂದಳು. ನಾನು ಹೇಳಿದ್ರೆ ಬೇಕಂತಲೇ ಹೋಗ್ತಾನೆ, ಅದು ಅವಳಿಗೂ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ನಾನು ವೋಟಿನ ತಯಾರಿಯಲ್ಲಿದ್ದೆ. ಒಂದೊಂದು ಗೇಮನ್ನೂ ಅರ್ಧರ್ಧ ಗಂಟೆ ಓಡಿಸಿ ನೋಟ್ಸ್ ಮಾಡ್ಕೊಳ್ಳೋದು ನನ್ನ ಪದ್ಧತಿ. ಅಪ್ಪ ಬಂದು ಮೂಟೆ ಮೇಲೆ ಕೂತ. ಏನು ಬರೀತಿದೀಯ ಅಂದ. ವರ್ಷದ ಬೆಸ್ಟ್ ಡೆವಲಪರ್ ಆರಿಸ್ತಿದೀನಿ ಅಂದೆ.

"ಡೆವಲಪರ್ ಅಂದ್ರೆ? ಸೈಟ್ ಮಾಡಿ ಮಾರ್ತಾರಲ್ಲ, ಅವರಾ?"

ನಗು ಬಂತು. ಬೆಂಗಳೂರಿನ ಸುತ್ತಮುತ್ತ ಡೆವಲಪರ್ ಅಂದ್ರೆ ಕೆರೆ ಮುಚ್ಚೋನು ಅಂತಲೇ ಅರ್ಥ. ಅಲ್ಲಪ್ಪ, ಈ ಆಟ ಮಾಡೋರು, ನನ್ನ ಥರ ಕೆಲಸದವರು ಅಂದೆ. ಅವನು ಸ್ವಲ್ಪ ಹೊತ್ತು ನೋಡಿ, "ಏಳು, ನಾನ್ ನೋಡ್ತೀನಿ" ಅಂದ.

ಮೊದಲು ಕಾಂಪೆಟಿಟ್ಸಿಯೋನೆ ಹಾಕಿದೆ, ಇಟಲಿಯ ಮೊಂಜಾ ಟ್ರ್ಯಾಕು. ಅಪ್ಪ ಅರ್ಧ ಲ್ಯಾಪ್ ಓಡಿಸಿ, "ರಸ್ತೆ ಬೆಣ್ಣೆ ಇದ್ದಂಗೈತೆ, ಟೋಲ್ ಎಷ್ಟು?" ಅಂದ. ಐರೇಸಿಂಗ್‌ನಲ್ಲಿ ಮಾಜ್ದಾ ಕಾರು ಕೊಟ್ಟೆ. ಸ್ಟೀರಿಂಗ್ ಕೈಯಲ್ಲಿ ಸಣ್ಣಗೆ ನಡುಗಿದ ಕೂಡಲೇ ಅವನ ಹುಬ್ಬು ಮೇಲೆ ಹೋಯ್ತು. ಈ ಸ್ಟೀರಿಂಗಿನೊಳಗೆ ಮೋಟಾರಿದೆ. ಮುಂದಿನ ಚಕ್ರ ರಸ್ತೆ ಮೇಲೆ ಹೇಗೆ ತಿರುಚಿಕೊಳ್ಳುತ್ತೆ ಅನ್ನೋ ಲೆಕ್ಕವನ್ನ ಗೇಮು ಸೆಕೆಂಡಿಗೆ ನೂರಾರು ಸಲ ಮಾಡಿ (ಐರೇಸಿಂಗ್‌ನಲ್ಲಿ 360 ಸಲ) ಆ ಎಳೆತವನ್ನ ಕೈಗೆ ದಾಟಿಸುತ್ತೆ. ಚಕ್ರ ಹಿಡಿತ ಬಿಡುವಾಗ ಕೈಯಲ್ಲಿ ಭಾರ ಕಮ್ಮಿ ಆಗುತ್ತೆ. ಇದು ಗೊತ್ತಾಗೋಕೆ ನನಗೆ ಆರು ತಿಂಗಳು ಬೇಕಾಯ್ತು. ಅಪ್ಪ ಮೂರನೇ ತಿರುವಿಗೇ, "ಹಗುರಾಯ್ತು, ಮುಂದಿನ ಟೈರ್ ಜಾರ್ತೈತೆ" ಅಂದ. ಆದ್ರೂ ಕಾರು ಅವನಿಗೆ ಹಿಡಿಸಲಿಲ್ಲ. ನೆಲಕ್ಕೆ ಕೂತು ಓಡಿಸೋ ಗಾಡಿ ಗಾಡಿನಾ, ಲಾರಿ ಇಲ್ವಾ ಅಂದ.

ಓದುತ್ತಿರೋ ನೀವೂ ಅದನ್ನೇ ಕೇಳ್ತೀರ ಅಂತ ಗೊತ್ತು. ಯೂರೋ ಟ್ರಕ್ ಸಿಮ್ಯುಲೇಟರ್ ಹಾಕಿ ಕೊಟ್ಟೆ, ಪ್ರಾಗ್‌ನವರು ಮಾಡಿದ್ದು. ರೇಸಿಂಗ್ ಅಲ್ಲ, ಯೂರೋಪಿನ ಊರಿಂದೂರಿಗೆ ಲೋಡ್ ಹೊಡೆಯೋ ಆಟ. ಅಪ್ಪ ಇಪ್ಪತ್ತು ನಿಮಿಷ ಸಿಗ್ನಲ್ ಪಾಲಿಸಿ, ಇಂಡಿಕೇಟರ್ ಹಾಕಿ, ಶಿಸ್ತಾಗಿ ಓಡಿಸಿದ. ಆಮೇಲೆ ಕೈ ಎತ್ತಿಬಿಟ್ಟ. "26 ವರ್ಷ ಇದೇ ಮಾಡಿದೀನಿ. ಇಲ್ಲಿ ಬಾಡಿಗೇನೂ ಕೊಡಲ್ಲ."

ಕೊನೆಗೆ ನೆನಪಾಗಿದ್ದು ಆಟೊಮೊಬಿಲಿಸ್ಟಾ 2. ಬ್ರೆಜಿಲ್‌ನ ರೇಜಾ ಸ್ಟುಡಿಯೋಸ್‌ನವರು ಆ ವರ್ಷದ ಜೂನ್ ಕೊನೆಗೆ ಪೂರ್ತಿ ಬಿಡುಗಡೆ ಮಾಡಿದ್ದು. ಚಿಕ್ಕ ತಂಡ. ಎಂಜಿನ್ ಕೂಡ ಅವರದ್ದಲ್ಲ. ಪ್ರಾಜೆಕ್ಟ್ ಕಾರ್ಸ್ ಮಾಡಿದ ಬ್ರಿಟಿಷ್ ಕಂಪನಿಯಿಂದ ತಗೊಂಡು ಅದರೊಳಗೆ ತಮ್ಮ ಫಿಸಿಕ್ಸು ತುಂಬಿದ್ರು. ಬೇರೆಯವರ ಹಳೇ ಕೋಡ್ ಮೇಲೆ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತಾಗುತ್ತೆ. ಬಿಡುಗಡೆ ದಿನ ಬಗ್‌ಗಳಿಗೇನೂ ಕಮ್ಮಿ ಇರಲಿಲ್ಲ. ಹೆಚ್ಚು ಕಡಿಮೆ ತಿಂಗಳಿಗೊಂದು ಅಪ್‌ಡೇಟ್ ಕೊಡ್ತಾ ಸರಿ ಮಾಡ್ತಾ ಹೋದ್ರು. ನನಗೆ ಹಿಡಿಸಿದ್ದು ಬೇರೆ. ಜಗತ್ತೆಲ್ಲ ಫೆರಾರಿ, ಪೋರ್ಶೆ ಅಂತ ಓಡ್ತಿದ್ರೆ ಇವರು ತಮ್ಮೂರಿನ ಸ್ಟಾಕ್ ಕಾರು, ತಮ್ಮೂರಿನ ಟ್ರ್ಯಾಕು, ತಮ್ಮೂರಿನ ಲಾರಿ ರೇಸು ಎಲ್ಲ ಅದರಲ್ಲಿಟ್ಟಿದ್ರು. ಬ್ರೆಜಿಲ್‌ನಲ್ಲಿ ಲಾರಿ ರೇಸಿಗೆ ಜಾತ್ರೆ ಥರ ಜನ ಸೇರ್ತಾರೆ. ರೇಜಾದವರು ಹಿಂದೆ ಬರೀ ಅದರದ್ದೇ ಒಂದು ಗೇಮ್ ಮಾಡಿದ್ದರು.

ಕೋಪಾ ಟ್ರಕ್, ಇಂಟರ್‌ಲಾಗೋಸ್. ಟ್ರೇಲರ್ ಇಲ್ಲದ ಲಾರಿ ಮೂತಿ, ಸಾವಿರ ಹಾರ್ಸ್‌ಪವರ್ ಮೇಲೆ. ನಮ್ಮ 1613ರದ್ದು ಅದರ ಐದನೇ ಒಂದು ಭಾಗವೂ ಇರಲಿಲ್ಲ. ರೇಸ್ ಲಾರಿಗಳ ಬ್ರೇಕಿಗೆ ಬಿಸಿ ತಡೆಯೋಕೆ ನೀರು ಚಿಮ್ಮಿಸ್ತಾರೆ ಅಂತ ಹೇಳಿದ್ದೇ ತಡ, ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಹಂಗಾದ್ರೆ ಇವರು ತಿಳಿದೋರು" ಅಂದ.

ಇಂಟರ್‌ಲಾಗೋಸ್ ಗೊತ್ತಿಲ್ಲದವರಿಗೆ: ಸಾವೊ ಪಾಲೊ ನಗರದ್ದು, 4.3 ಕಿಲೋಮೀಟರ್. ಮುಖ್ಯ ನೇರ ರಸ್ತೆ ಮುಗಿದ ಕೂಡಲೇ ಎಡಕ್ಕೆ ಇಳಿಜಾರು, ತಕ್ಷಣ ಬಲಕ್ಕೆ. ಸೆನ್ನಾ ಹೆಸರಿನ ತಿರುವು. ಘಾಟಿಯ ತಿರುವಿನ ಹಾಗೇ, ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಒತ್ತಿ ಪ್ರಯೋಜನ ಇಲ್ಲ. ಮುಂಚೆಯೇ ವೇಗ ಇಳಿಸಿರಬೇಕು. ಅಪ್ಪನಿಗೆ ಇದನ್ನ ಹೇಳಿಕೊಡಬೇಕಾಗೇ ಇಲ್ಲ. ಸರಿಯಾದ ಜಾಗದಲ್ಲೇ ಬ್ರೇಕ್ ಹಾಕಿದ. ಲಾರಿ ನಿಲ್ಲಲಿಲ್ಲ. ನೇರ ಹೋಗಿ ಗುದ್ದಿತು.

ಎರಡನೇ ಸಲವೂ ಗುದ್ದಿತು. ಮೂರನೇ ಸಲ ಇನ್ನೂ ಮುಂಚೆಯೇ ಬ್ರೇಕ್ ಹಾಕಿದ, ಆಗಲೂ.

"ಬ್ರೇಕ್ ಸರಿ ಇಲ್ಲ ನಿನ್ ಗಾಡೀದು" ಅಂದ.

ನಾನು ಅವನ ಹಿಂದೆ ನಿಂತಿದ್ದೆ. ಸ್ಕ್ರೀನಿನ ಕೆಳಗೆ ಎರಡು ಗೀಟುಗಳಿವೆ. ಆಕ್ಸಿಲರೇಟರ್ ಒತ್ತಿದ್ರೆ ಹಸಿರು ಗೀಟು ಏಳುತ್ತೆ, ಬ್ರೇಕಿಗೆ ಕೆಂಪು. ಎಲ್ಲ ಸಿಮ್‌ಗಳಲ್ಲೂ ಇರೋದೇ. ಅಪ್ಪ ಬ್ರೇಕ್ ಒತ್ತಿದಾಗಲೆಲ್ಲ ಎರಡು ಗೀಟೂ ಒಟ್ಟಿಗೆ ಏಳ್ತಿದ್ವು. ಕೆಳಗೆ ಬಗ್ಗಿ ನೋಡಿದೆ. ಬಲಪಾದ ಬ್ರೇಕ್ ಮೇಲೆ ಇತ್ತು ನಿಜ, ಆದ್ರೆ ಅದರ ಅಂಚು ಪಕ್ಕದ ಆಕ್ಸಿಲರೇಟರನ್ನೂ ಅರ್ಧ ಒತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗೋ ಹಾಗೇ ಇರಲಿಲ್ಲ.

ಏನು ಹೇಳೋದು ಅಂತ ತೋಚಲಿಲ್ಲ. ಈ ಪೆಡಲ್‌ಗಳ ನಡುವೆ ಲಾರಿಯಲ್ಲಿ ಇರೋವಷ್ಟು ಜಾಗ ಇಲ್ಲ, ಅದು ನಿಜ. ಹಾಗಂತ ಹೇಳಿಬಿಡೋಣ ಅನ್ನಿಸ್ತು. ಇಲ್ಲಾ, ನೋಡು ನಿನ್ ಕಾಲು ಅಂತ ತೋರಿಸಿಬಿಡೋಣ, ಅವ್ವ ಕೇಳಿಕೊಂಡಿದ್ದು ಇದನ್ನೇ ಅಲ್ವಾ. ಎರಡೂ ಬಾಯಿಗೆ ಬರಲಿಲ್ಲ. ಸುಮ್ಮನೆ ನಿಂತೆ.

ಅಪ್ಪನೇ ಕೇಳಿದ. "ಆ ಹಸಿರು, ಕೆಂಪು ಏನದು?"

ಹೇಳಿದೆ. ಬರೀ ಅಷ್ಟೇ ಹೇಳಿದೆ, ಹಸಿರು ಇದು, ಕೆಂಪು ಇದು ಅಂತ.

ಅವನು ಲಾರಿ ನಿಲ್ಲಿಸಿಕೊಂಡೇ ಬ್ರೇಕ್ ಒತ್ತಿದ. ಎರಡೂ ಎದ್ದವು. ಬಿಟ್ಟ. ಮತ್ತೆ ಒತ್ತಿದ. ಕಾಲು ಸ್ವಲ್ಪ ಎಡಕ್ಕೆ ಸರಿಸಿ ಒತ್ತಿದ, ಕೆಂಪು ಮಾತ್ರ ಎದ್ದಿತು. ಹೀಗೆ ಹತ್ತು ಹನ್ನೆರಡು ಸಲ, ಕಾಲು ನೋಡದೆ ಗೀಟನ್ನೇ ನೋಡ್ತಾ. ಆಮೇಲೆ ಹೊರಟ. ಈ ಸಲ ಇಳಿಜಾರಿನ ತಿರುವು ದಾಟಿದ. ಕೆಳಗಿನ ಕೆರೆ ಪಕ್ಕದ ತಿರುವು ದಾಟಿದ. ಮೇಲಕ್ಕೆ ಹತ್ತಿ, ಒಳಗಿನ ಸುತ್ತು ತಿರುವುಗಳಲ್ಲಿ ಲಾರಿಯನ್ನ ಎಷ್ಟು ನಯವಾಗಿ ತಿರುಗಿಸಿದ ಅಂದ್ರೆ ನಾನು ನೂರು ಗಂಟೆ ಓಡಿಸಿಯೂ ಹಾಗೆ ಮಾಡಲಾರೆ. ಕೈ ಎಲ್ಲೂ ತಪ್ಪಲಿಲ್ಲ. ಕೈಗೆ ಎಲ್ಲ ನೆನಪಿತ್ತು. ಒಂದು ಪೂರ್ತಿ ಲ್ಯಾಪು, ಎಲ್ಲೂ ತಾಗಿಸದೆ.

ಗೆರೆ ದಾಟಿ ಲಾರಿಯನ್ನ ಪಕ್ಕಕ್ಕೆ ನಿಲ್ಲಿಸಿದ. ಅಭ್ಯಾಸಬಲ, ಹ್ಯಾಂಡ್‌ಬ್ರೇಕಿಗೆ ಕೈ ಹೋಯ್ತು, ಅಲ್ಲಿ ಅಡಿಕೆ ಮೂಟೆ ಇತ್ತು.

"ಲಾರೀಲಿ ಈ ಗೀಟು ಇರಲ್ಲ ಅಲ್ವಾ" ಅಂದ.

"ಇರಲ್ಲಪ್ಪ."

ಇನ್ನೂ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು, ಬಾಗಿಲ ಹತ್ರ ಚಪ್ಪಲಿ ಹಾಕಿಕೊಳ್ಳುವಾಗ ಗೋಡೆ ಹಿಡ್ಕೊಂಡು ಪಾದ ಒಳಗೆ ಹೋಯ್ತೋ ಇಲ್ವೋ ಅಂತ ಬಗ್ಗಿ ನೋಡಿದ. ದಿನಾ ಹಾಗೇ ನೋಡ್ತಿದ್ದನೇನೋ. ನಾನು ಗಮನಿಸಿದ್ದು ಅವತ್ತೇ.

ಎಫ್‌ಸಿ ಮಾತು ಮತ್ತೆ ಬರಲಿಲ್ಲ. ಎರಡು ವಾರ ಬಿಟ್ಟು ಊಟಕ್ಕೆ ಕೂತಿದ್ದಾಗ, ಅರಸೀಕೆರೆಯವನೊಬ್ಬ ಗಾಡಿ ಕೇಳ್ತಿದಾನೆ, ರೇಟು ನೋಡು ಅಂತ ನನ್ನ ಕಡೆ ತಿರುಗದೇ ಹೇಳಿದ. ಬೆಂಗಳೂರಿಗೆ ಒಯ್ದಿದ್ದ ಕೀಯನ್ನ ನಾನು ಮೇ ತಿಂಗಳಲ್ಲೇ ವಾಪಸ್ ತಂದಿದ್ದೆ. ಬ್ಯಾಗಿನ ತಳದಲ್ಲಿತ್ತು. ಎದ್ದು ಹೋಗಿ ತಂದು ಅವನ ತಟ್ಟೆ ಪಕ್ಕ ಇಟ್ಟೆ. ಅವ್ವ ಇನ್ನೊಂದು ಮುದ್ದೆ ಹಾಕಿದಳು, ಇಬ್ಬರಿಗೂ.

ಡಿಸೆಂಬರ್ ಕೊನೆಯ ಶನಿವಾರ ವೀಡಿಯೋ ಕಾಲ್‌ನಲ್ಲಿ ವೋಟು ನಡೀತು. ಧಾರವಾಡದವನು ಐರೇಸಿಂಗ್. ನಿಂತುಹೋದ ಜಗತ್ತಿಗೆ ರೇಸ್ ಕೊಟ್ಟವರು ಅಂತ ಬರೆದಿದ್ದ. ಮಾತು ನಿಜ, ಒಪ್ಪದೇ ಇರೋಕೆ ಆಗಲ್ಲ. ಮಂಗಳೂರಿನವಳು ತನ್ನ ಕೂನೋಸ್ ಬಿಟ್ಟು ಈ ಸಲ ಅಲ್ಲಿಗೇ ಹಾಕಿದಳು, ಬೆಂಗಳೂರಿನವನಂತೂ ಗಾಳಿ ಬಂದ ಕಡೆ. ಮಂಡ್ಯದವನು ಮಾಮೂಲಿ ಲೈವ್ ಫಾರ್ ಸ್ಪೀಡ್.

ನನ್ನ ಪ್ಯಾರಾ ಓದಿದೆ. ಚಿಕ್ಕ ತಂಡ, ಬೇರೆಯವರ ಎಂಜಿನ್, ಬಿಡದೆ ಬಂದ ಅಪ್‌ಡೇಟುಗಳು, ಸ್ಟೀರಿಂಗಿನಲ್ಲಿ ಸಿಗೋ ಭಾರ, ತಮ್ಮ ದೇಶದ ಲಾರಿಗೆ ಕೊಟ್ಟ ಮರ್ಯಾದೆ. ಎಲ್ಲವೂ ನಿಜವಾದ ಕಾರಣಗಳೇ. ಅಪ್ಪನ ವಿಷಯ ಬರೀಲಿಲ್ಲ. "ಇನ್ನೂ ಬೀಟಾ ಥರ ಇದೆ ಮಾರಾಯಾ ಅದು, ಎಐ ಗಾಡಿಗಳು ಒಂದರ ಮೇಲೊಂದು ಬರ್ತವೆ" ಅಂದಳು ಮಂಗಳೂರಿನವಳು. ಹೌದು ಅಂದೆ. ಅಪ್ರೈಸಲ್ ಮೀಟಿಂಗುಗಳಲ್ಲಿ ನಾನು ನೋಡಿದ್ದೂ ಇದೇ. ದೊಡ್ಡ ಡೆಮೋ ಮಾಡಿದವನಿಗೆ ಎಲ್ಲರೂ ಕೈ ಎತ್ತುತ್ತಾರೆ, ಮೂಲೆಯಲ್ಲಿ ಕೂತು ಯಾರಿಗೂ ಬೇಡದ ಲಾರಿಯ ಬ್ರೇಕ್ ಸರಿಮಾಡಿದವನ ಹೆಸರು ಯಾರಿಗೂ ನೆನಪಾಗಲ್ಲ. ಆದ್ರೆ ಐರೇಸಿಂಗ್‌ನವರೂ ಬರೀ ಡೆಮೋ ಮಾಡಿದವರಲ್ಲ, ಅದಕ್ಕೇ ಜಗಳ ಆಡಲಿಲ್ಲ. ಮೂರು, ಒಂದು, ಒಂದು. ಬಿರಿಯಾನಿ ನನ್ನ ಮತ್ತು ಮಂಡ್ಯದವನ ತಲೆಗೆ. ಹೋಟೆಲ್‌ಗಳು ಸರಿಯಾಗಿ ತೆರೆದ ಮೇಲೆ ಅಂತ ಸಾಲ ಬರೆದಿಟ್ಟುಕೊಂಡರು.

ಲಾರಿ ಜನವರಿಯಲ್ಲಿ ಹೋಯ್ತು. ಅರಸೀಕೆರೆಯವನು ಗೇಟಿನಿಂದ ಹೊರಗೆ ತೆಗೆಯುವಾಗ ಎರಡನೇ ಗೇರಿಗೆ ಕರಕರ ಅನ್ನಿಸಿದ. ಅಪ್ಪ ಜಗಲಿಯಿಂದಲೇ, "ಕ್ಲಚ್ ಪೂರ್ತಿ ಒತ್ತಯ್ಯ" ಅಂತ ಕೂಗಿದ. ಸದ್ದು ಮುಖ್ಯ ರಸ್ತೆ ಸೇರಿ ಕೇಳಿಸದೇ ಹೋಗೋವರೆಗೂ ನಿಂತಿದ್ದು ಒಳಗೆ ಬಂದ. ನಾನು ಮಾನಿಟರ್ ಮುಂದೆ ಕೂತಿದ್ದೆ, ಆಫೀಸ್ ಕಾಲ್ ಮುಗಿಸಿ.

"ನಿನ್ ಬ್ರೆಜಿಲ್‌ನೋರು ಗೆದ್ರಾ?"

"ಇಲ್ಲಪ್ಪ."

"ಎಷ್ಟು ವೋಟ್ ಬಂತು?"

"ಒಂದು."

ಅಪ್ಪ ಮೂಟೆ ಮೇಲೆ ಕೂತು, ಪಂಚೆಯ ಅಂಚಿನಿಂದ ಸ್ಟೀರಿಂಗಿನ ಮೇಲಿದ್ದ ಧೂಳು ಒರೆಸಿದ.

"ನಂದು ಸೇರ್ಸಿದ್ಯಾ ಇಲ್ವಾ?"